ಕಂಚಿನ ಗೈಡ್ ಬುಶ್ ಕಿಟ್: ಯಾವ ಕಾರಿಗೆ ಬೇಕು, ಯಾವುದಕ್ಕೆ ಬೇಡ

ರೇಸ್ ಟ್ರ್ಯಾಕ್‌ಗೆ ಹೋಗಿಬರುವ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಕಾರುಗಳ ಬ್ರೇಕ್ ಬಗ್ಗೆ ಎಲ್ಲಿ ಮಾತೆದ್ದರೂ ಪ್ಯಾಡ್ ಮತ್ತು ಆಯಿಲ್ ಚರ್ಚೆ ಮುಗಿದ ಮೇಲೆ ಮೂರನೆಯದಾಗಿ ಬರುವ ಸಲಹೆ ಕಂಚಿನ ಗೈಡ್ ಬುಶ್. ಮುಂದಿನ ಕ್ಯಾಲಿಪರ್‌ನಲ್ಲಿರುವ, ಎಂದರೆ ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಅದುಮುವ ಭಾಗದಲ್ಲಿರುವ, ಕೊಳವೆಯಂಥ ರಬ್ಬರ್ ಬುಶ್ ತಳ್ಳಿ ತೆಗೆದು ಆ ಜಾಗಕ್ಕೆ ಕಂಚಿನದ್ದನ್ನು ಕೂರಿಸುವುದು, ಕೆಲಸ ಇಷ್ಟೇ. ಅಮೆರಿಕದ ಟೈರಾಲ್‌ಸ್ಪೋರ್ಟ್ ಈ ಕಿಟ್‌ನಿಂದಲೇ ಹೆಸರಾದ ಕಂಪನಿ. ಅದೇ ಬಗೆಯದನ್ನು ಬೇರೆಯವರೂ ಮಾಡುತ್ತಾರೆ, ಹಾಗಾಗಿ ಈ ವಿಮರ್ಶೆ ಒಟ್ಟು ವಿನ್ಯಾಸದ್ದು, ಯಾವುದೋ ಒಂದು ಡಬ್ಬಿಯದ್ದಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ವಸ್ತು ಒಳ್ಳೆಯದು. ಆದರೆ ಇದನ್ನು ಕೊಳ್ಳಲು ಹೊರಟವರಲ್ಲಿ ಬಹುಪಾಲು ಮಂದಿಗೆ ನಿಜಕ್ಕೂ ಬೇಕಿರುವುದು ಹೊಸ ರಬ್ಬರ್ ಬುಶ್, ಕ್ಯಾಲಿಪರ್ ಹೊರಗಿನ ಹೊಸ ತಂತಿ ಸ್ಪ್ರಿಂಗ್, ಹೊಸ ಬ್ರೇಕ್ ಆಯಿಲ್.

ಮೊದಲು ಆ ರಬ್ಬರ್ ಅಲ್ಲಿ ಏನು ಮಾಡುತ್ತಿದೆ ಎಂಬುದು ಗೊತ್ತಿರಬೇಕು. ಐದನೇ ತಲೆಮಾರಿನ ಗಾಲ್ಫ್ ಜಿಟಿಐ ತೆಗೆದುಕೊಳ್ಳಿ. ಮುಂದೆ 312 ಮಿ.ಮೀ. ಡಿಸ್ಕ್, ಎಟಿಇ ಕಂಪನಿಯ ಎಫ್‌ಎನ್3 ಮಾದರಿಯ ಕ್ಯಾಲಿಪರ್, 54 ಮಿ.ಮೀ.ನ ಒಂದೇ ಪಿಸ್ಟನ್, ಅದೂ ಒಳಬದಿಯಲ್ಲಿ ಮಾತ್ರ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆ ಒತ್ತಡದ ಪ್ರತಿಫಲವಾಗಿ ಇಡೀ ಕ್ಯಾಲಿಪರ್ ದೇಹವೇ ಒಳಗಡೆಗೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕ್‌ಗೆ ಎಳೆದು ತರುತ್ತದೆ. ಜಾರುವುದು ಎರಡು ಗೈಡ್ ಪಿನ್‌ಗಳ ಮೇಲೆ. ಪಿನ್ ಬಿಗಿದಿರುವುದು ಬ್ರಾಕೆಟ್ಟಿಗೆ, ಅಂದರೆ ಚಕ್ರದ ಹಿಂದೆ ಅಲುಗದಂತೆ ಕೂತಿರುವ ಚೌಕಟ್ಟಿಗೆ. ಕ್ಯಾಲಿಪರ್ ದೇಹದ ತೂತಿಗೂ ಪಿನ್‌ಗೂ ನಡುವೆ ಉದ್ದನೆಯ ರಬ್ಬರ್ ಬುಶ್ ಕೂತಿರುತ್ತದೆ. ರಸ್ತೆ ಕಾರಿಗೆ ಇದು ಜಾಣ ಏರ್ಪಾಡು. ಸದ್ದು ಬರುವುದಿಲ್ಲ, ಧೂಳು ನುಗ್ಗುವುದಿಲ್ಲ, ಬ್ರಾಕೆಟ್ ಕೂದಲೆಳೆಯಷ್ಟು ಓರೆಯಿದ್ದರೂ ರಬ್ಬರ್ ಹೊಂದಿಸಿಕೊಂಡು ಹೋಗುತ್ತದೆ. ಟ್ರ್ಯಾಕ್‌ನಲ್ಲಿ ಗಂಟೆಗೆ 150 ಕಿ.ಮೀ. ವೇಗದಿಂದ ಮತ್ತೆ ಮತ್ತೆ ಅಮುಕಿದಾಗ ಅದೇ ಹೊಂದಾಣಿಕೆ ಮುಳ್ಳಾಗುತ್ತದೆ. ಕ್ಯಾಲಿಪರ್ ದೇಹ ಡಿಸ್ಕ್‌ಗೆ ನೇರವಾಗಿ ನಿಲ್ಲದೆ ಸ್ವಲ್ಪ ತಿರುಚಿಕೊಂಡು ನಿಲ್ಲುತ್ತದೆ. ರಬ್ಬರ್ ಹಳೆಯದಾಗಿದ್ದರೆ ಇನ್ನೂ ಹೆಚ್ಚು.

ಈ ತಿರುಚನ್ನು ತಡೆಯುವುದು ಕಂಚಿನ ಬುಶ್‌ನ ಒಂದೇ ಕೆಲಸ. ಬೇರೆ ಯಾವ ಕಾಯಿಲೆಗೂ ಅದು ಮದ್ದಲ್ಲ. ಆದ್ದರಿಂದ ದುಡ್ಡು ಬಿಚ್ಚುವ ಮುಂಚೆ ನಿಮ್ಮ ಕಾರಿನ ಕಾಯಿಲೆ ಇದೇ ಹೌದೋ ಅಲ್ಲವೋ ನೋಡಿಕೊಳ್ಳಿ.

ಪೆಡಲ್ ಏನು ಹೇಳುತ್ತಿದೆ

ಪೆಡಲ್ ಮೆತ್ತಗಾಯಿತು ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ.

ಶುರುವಿನಲ್ಲಿ ಚೆನ್ನಾಗಿದ್ದು, ನಾಲ್ಕೈದು ಲ್ಯಾಪ್ ಆದ ಮೇಲೆ ಪೆಡಲ್ ಸ್ಪಂಜಿನಂತಾಗಿ ಕೆಳಗಿಳಿಯುತ್ತ ಹೋದರೆ ಆಯಿಲ್ ಕುದಿದಿದೆ. ಬ್ರೇಕ್ ಆಯಿಲ್‌ನ ಡಾಟ್ 4 ದರ್ಜೆಗೆ ಬೇಕಾದ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ, ನೀರು ಹೀರಿಕೊಂಡ ಮೇಲೆ 155. ಎರಡು ಮಳೆಗಾಲ ಕಂಡ ಆಯಿಲ್ ಹಾಕಿಕೊಂಡು ಟ್ರ್ಯಾಕ್‌ಗೆ ಹೋದರೆ ಕೈಯಲ್ಲಿರುವುದು ಈ ಎರಡನೇ ಅಂಕಿಯ ಹತ್ತಿರದ್ದು. ಮೊಟುಲ್ ಆರ್‌ಬಿಎಫ್ 600 ಥರದ ರೇಸಿಂಗ್ ಆಯಿಲ್‌ಗೆ ಹೊಸದರಲ್ಲಿ 312 ಡಿಗ್ರಿ. ಇಲ್ಲಿ ಬುಶ್ ಬದಲಿಸಿ ಏನೂ ಸಿಗದು.

ಒಂದು ತಿರುವು ದಾಟಿ ಬಂದ ಮೇಲೆ ಮೊದಲ ಸಲ ಪೆಡಲ್ ಉದ್ದ ಹೋಗಿ, ಬಿಟ್ಟು ಎರಡನೇ ಸಲ ಒತ್ತಿದಾಗ ಎಂದಿನಂತೆ ಗಟ್ಟಿಯಾದರೆ ಅದು ಬೇರೆ ಕತೆ. ಚಕ್ರದ ಬೇರಿಂಗ್ ಸಡಿಲವಾಗಿ, ತಿರುವಿನಲ್ಲಿ ಡಿಸ್ಕ್ ಓಲಾಡಿ ಪ್ಯಾಡನ್ನೂ ಪಿಸ್ಟನ್ನನ್ನೂ ಹಿಂದಕ್ಕೆ ತಳ್ಳಿರುತ್ತದೆ. ಎರಡೂ ಬದಿ ಪಿಸ್ಟನ್ ಇರುವ ಸ್ಥಿರ ಕ್ಯಾಲಿಪರ್‌ಗಳಲ್ಲಿ ಇದು ಹೆಚ್ಚು, ಜಾರುವ ಕ್ಯಾಲಿಪರ್‌ಗಳಲ್ಲೂ ಇಲ್ಲದಿಲ್ಲ, ಪಿನ್ ಬಿಗಿಹಿಡಿದಿದ್ದರಂತೂ ಖಂಡಿತ. ಕಾರು ಜಾಕ್ ಮೇಲಿರುವಾಗ ಚಕ್ರವನ್ನು ಹನ್ನೆರಡು ಗಂಟೆ, ಆರು ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಟಕ್ ಎಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಮೊದಲು.

ಮೂರನೆಯದು, ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಒಂದೇ ಥರ, ಆಯಿಲ್ ಹೊಸದು, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದಾಗಿದೆ, ಆದರೂ ಪೆಡಲ್ ಒಂದಿಷ್ಟು ಉದ್ದ. ಕಂಚಿನ ಬುಶ್ ನೆರವಾಗಬಹುದಾದದ್ದು ಇಲ್ಲಿ ಮಾತ್ರ. ಅದೂ ರಬ್ಬರಿನ ಬ್ರೇಕ್ ಹೋಸ್‌ಗಳು ಒತ್ತಡಕ್ಕೆ ಉಬ್ಬುತ್ತಿಲ್ಲ ಎಂದು ಖಾತ್ರಿಯಾದ ಮೇಲೆ.

ಇನ್ನೊಂದು ಗೊಂದಲ: ಬ್ರೇಕ್ ಬಿಟ್ಟ ಮೇಲೂ ಚಕ್ರ ಹಿಡಿದುಕೊಳ್ಳುವುದು. ಪಿನ್ ಜಾಮ್ ಆಗಿದೆ ಎಂದು ಎಲ್ಲರೂ ತಕ್ಷಣ ಹೇಳುತ್ತಾರೆ. ಹಿಡಿದಿರುವಾಗಲೇ ಆ ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್, ಅಂದರೆ ಗಾಳಿ ತೆಗೆಯುವ ತಿರುಪು, ಅರ್ಧ ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ತಪ್ಪು ಮೇಲಿನದು, ಸಾಮಾನ್ಯವಾಗಿ ಒಳಗೇ ಊದಿಕೊಂಡು ಆಯಿಲ್ ವಾಪಸ್ ಹೋಗಲು ಬಿಡದ ಹಳೆ ಹೋಸ್. ಆಯಿಲ್ ಬಂದರೂ ಚಕ್ರ ಬಿಡದಿದ್ದರೆ ಆಗ ಪಿನ್ ಅಥವಾ ಪಿಸ್ಟನ್. ಇವೆರಡರಲ್ಲಿ ಯಾವುದು? ಕ್ಯಾಲಿಪರ್ ಬಿಚ್ಚಿ ಜಿ-ಕ್ಲಾಂಪ್‌ನಿಂದ ಪಿಸ್ಟನ್ನನ್ನು ನಿಧಾನವಾಗಿ ಒಳಗೆ ತಳ್ಳಿ. ನುಣುಪಾಗಿ ಹೋದರೆ ಪಿಸ್ಟನ್ ನಿರಪರಾಧಿ.

ಪ್ಯಾಡ್ ಓದುವುದು

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ಎಲ್ಲಕ್ಕಿಂತ ಹೆಚ್ಚು ವಿಷಯ ಸಿಗುವುದೂ ಇಲ್ಲೇ. ಮುಂದಿನ ಒಂದು ಚಕ್ರದ ಎರಡೂ ಪ್ಯಾಡ್ ತೆಗೆಯಿರಿ. ತೆಗೆಯುವ ಮುಂಚೆ ಹಿಂದಿನ ಲೋಹದ ತಗಡಿನ ಮೇಲೆ ಮಾರ್ಕರ್‌ನಲ್ಲಿ ಒಳಗಿನದು, ಹೊರಗಿನದು ಎಂದೂ, ಮೇಲ್ದಿಕ್ಕಿಗೆ ಒಂದು ಬಾಣವನ್ನೂ ಬರೆಯಿರಿ. ಆಮೇಲೆ ವರ್ನಿಯರ್ ಹಿಡಿದು ಲೋಹ ಬಿಟ್ಟು ಬರೀ ಪ್ಯಾಡ್ ದಪ್ಪವನ್ನು ನಾಲ್ಕು ಮೂಲೆಗಳಲ್ಲಿ ಅಳೆಯಿರಿ. ಎರಡು ಪ್ಯಾಡ್‌ಗೆ ಎಂಟು ಅಂಕಿ. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ.

ಒಳಗಿನ ಪ್ಯಾಡ್ ಪೂರ್ತಿಯಾಗಿ ತೆಳುವಾಗಿ ಹೊರಗಿನದು ದಪ್ಪಗೇ ಉಳಿದಿದ್ದರೆ ಕ್ಯಾಲಿಪರ್ ಜಾರುತ್ತಿಲ್ಲ. ಪಿಸ್ಟನ್ ಒಬ್ಬನೇ ದುಡಿಯುತ್ತಿದೆ. ಪಿನ್ ತುಕ್ಕು ಹಿಡಿದಿರಬೇಕು, ಇಲ್ಲವೇ ರಬ್ಬರ್ ಊದಿಕೊಂಡು ಪಿನ್ನನ್ನು ಕಚ್ಚಿಕೊಂಡಿರಬೇಕು. ಪಿನ್‌ಗೆ ಮಾಮೂಲಿ ಬೇರಿಂಗ್ ಗ್ರೀಸ್ ಬಳಿದ ಕಾರುಗಳಲ್ಲಿ ಎರಡನೆಯದೇ ಸಾಮಾನ್ಯ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನಲ್ಲಿರುವ ಇಪಿಡಿಎಂ ಎಂಬ ಬಗೆಯ ರಬ್ಬರ್ ಉಬ್ಬುತ್ತದೆ.

ಎರಡೂ ಪ್ಯಾಡ್‌ಗಳು ಡಿಸ್ಕ್ ಒಳಬರುವ ತುದಿಯಲ್ಲಿ ತುಸು ಹೆಚ್ಚು ಸವೆದಿದ್ದರೆ ಗಾಬರಿ ಬೇಡ. ಘರ್ಷಣೆಯೇ ಆ ತುದಿಯನ್ನು ಡಿಸ್ಕ್‌ಗೆ ಎಳೆದುಕೊಳ್ಳುತ್ತದೆ. ವ್ಯತ್ಯಾಸ ಅರ್ಧ ಮಿ.ಮೀ. ಒಳಗಿದ್ದರೆ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಮಿ.ಮೀ. ಆಗಿದ್ದರೆ ಎಡಚಕ್ರದ ಒಳಪ್ಯಾಡನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ ಸವೆದ ತುದಿ ಆಚೆಗೆ ಹೋಗುತ್ತದೆ. ಬಾಣದ ಗುರುತಿರುವ ಅಥವಾ ಒಂದೇ ಬದಿಗೆ ಸೆನ್ಸರ್ ತಂತಿ ಇರುವ ಪ್ಯಾಡ್‌ಗಳಿಗೆ ಇದು ಆಗದು.

ಎರಡೂ ಪ್ಯಾಡ್‌ಗಳು ಡಿಸ್ಕ್‌ನ ಹೊರ ಅಂಚಿನ ಕಡೆ ಹೆಚ್ಚು ಸವೆದಿದ್ದರೆ, ಒತ್ತಡಕ್ಕೆ ಕ್ಯಾಲಿಪರ್ ದೇಹವೇ ಬಾಯಿ ತೆರೆಯುತ್ತಿದೆ. ಎರಕದ ದೌರ್ಬಲ್ಯವನ್ನು ಬುಶ್ ಸರಿಪಡಿಸಲಾರದು.

ಈಗ ಮುಖ್ಯವಾದದ್ದು. ಒಳಗಿನ ಪ್ಯಾಡ್ ಒಂದು ತುದಿಯಲ್ಲಿ ಸವೆದು, ಹೊರಗಿನದು ಅದರ ವಿರುದ್ಧ ತುದಿಯಲ್ಲಿ ಸವೆದಿದೆ ಎಂದುಕೊಳ್ಳಿ. ಎರಡನ್ನೂ ಡಿಸ್ಕ್ ಇರುವಂತೆ ಎದುರುಬದುರು ಹಿಡಿದು ಮೇಲಿನಿಂದ ನೋಡಿದರೆ ನಡುವಿನ ಸಂದು ನೇರವಾಗಿರದೆ ಓರೆಯಾಗಿ ಕಾಣುತ್ತದೆ. ಇದರರ್ಥ ಕ್ಯಾಲಿಪರ್ ಪಿನ್‌ಗಳ ಮೇಲೆ ತಿರುಚಿಕೊಂಡು ನಿಂತು ಕೆಲಸ ಮಾಡುತ್ತಿದೆ. ಕಂಚಿನ ಬುಶ್‌ಗೆ ಅರ್ಹ ಕಾರು ಎಂದರೆ ಇದು. ಆಗಲೂ ಮೊದಲು ಒಂದು ಜೊತೆ ಹೊಸ ಮೂಲ ರಬ್ಬರ್ ಬುಶ್ ಮತ್ತು ಪಿನ್ ಹಾಕಿ ಒಂದು ಟ್ರ್ಯಾಕ್ ದಿನ ಓಡಿಸಿ ನೋಡಿ ಎಂದೇ ನಮ್ಮ ಸಲಹೆ. ಹತ್ತು ವರ್ಷದ ಗಟ್ಟಿಗಟ್ಟಿದ ರಬ್ಬರ್ ತೆಗೆದು ಕಂಚು ಹಾಕಿ, ಆಹಾ ಏನು ಪೆಡಲ್ ಎಂದು ಹೊಗಳುವವರ ಹೊಗಳಿಕೆಯಲ್ಲಿ ಅರ್ಧ ಪಾಲು ಹೊಸ ರಬ್ಬರಿಗೂ ಸಲ್ಲುತ್ತಿತ್ತು.

ಕೂರಿಸುವ ಕೆಲಸ

ಕಿಟ್ ತರಿಸುವ ಮುಂಚೆ ಕ್ಯಾಲಿಪರ್ ಮೇಲಿನ ಎರಕದ ಗುರುತು ಓದಿ. ಒಂದೇ ಮಾದರಿಯ ಕಾರಿಗೆ ಎಂಜಿನ್ ಮತ್ತು ವರ್ಷ ನೋಡಿ ಬೇರೆ ಬೇರೆ ಕ್ಯಾಲಿಪರ್ ಬಂದಿರುತ್ತದೆ, ಕಾರಿನ ಹೆಸರು ನೋಡಿ ಕೊಂಡರೆ ಕೆಡುತ್ತೀರಿ. ಹೋಸ್ ಬಿಚ್ಚುವ ಅಗತ್ಯವಿಲ್ಲದ್ದರಿಂದ ಗಾಳಿ ತೆಗೆಯುವ ಕೆಲಸವೂ ಇಲ್ಲ. ಎರಡೂ ಬದಿಗೆ ನಿಧಾನವಾಗಿ ಮಾಡಿದರೂ ಎರಡರಿಂದ ಮೂರು ಗಂಟೆ ಸಾಕು.

ಪಿನ್‌ಗಳ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ 7 ಮಿ.ಮೀ. ಅಲೆನ್ ತಲೆ ಕಾಣುತ್ತದೆ. ಅದರೊಳಗೆ ಬ್ರೇಕ್ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಕೆದಕಿ, ಬ್ರೇಕ್ ಕ್ಲೀನರ್ ಹೊಡೆದು, ಬಿಟ್ ತಳದವರೆಗೆ ಇಳಿದಿದೆಯೇ ನೋಡಿಕೊಂಡೇ ಬಲ ಹಾಕಿ. ಎಲ್ ಆಕಾರದ ಅಲೆನ್ ಕೀ ಬೇಡ, ಸಾಕೆಟ್‌ಗೆ ಹಾಕುವ ಬಿಟ್ ಬೇಕು. ತಲೆ ಸವೆದುಹೋದರೆ ಆಮೇಲೆ ಪಡುವ ಪಾಡು ಬೇರೆ. ಹೊರಗಿನ ದೊಡ್ಡ ತಂತಿ ಸ್ಪ್ರಿಂಗ್ ಎಬ್ಬಿಸುವಾಗ ಇನ್ನೊಂದು ಕೈಯಲ್ಲಿ ಅದನ್ನು ಅದುಮಿಕೊಂಡಿರಿ, ಇಲ್ಲವಾದರೆ ಮುಖಕ್ಕೇ ಹಾರುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಹೋಸ್‌ನಲ್ಲಿ ನೇತಾಡಲು ಬಿಡದೆ ತಂತಿಯಿಂದ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿಗೆ ಕಟ್ಟಿ.

ರಬ್ಬರ್ ಬುಶ್ ಬೆರಳಿನಿಂದ ತಳ್ಳಿದರೇ ಬರುತ್ತದೆ. ಅದರ ಹಿಂದಿನ ತೂತು ಹೇಗಿದೆ ಎಂಬುದರ ಮೇಲೆ ಇಡೀ ಕೆಲಸ ನಿಂತಿದೆ. ರಬ್ಬರ್ ತುಕ್ಕನ್ನು ಸಹಿಸಿಕೊಂಡು ಕೂತಿತ್ತು, ಕಂಚು ಸಹಿಸದು. ನೈಲಾನ್ ಬ್ರಷ್ ಅಥವಾ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ ತುಂಡಿನಿಂದ ಉಜ್ಜಿ ಬ್ರೇಕ್ ಕ್ಲೀನರ್‌ನಲ್ಲಿ ತೊಳೆಯಿರಿ. ಅರ, ಒರಟು ಎಮರಿ ಬೇಡವೇ ಬೇಡ, ತೂತು ದೊಡ್ಡದಾದರೆ ಕ್ಯಾಲಿಪರೇ ಹೋಯಿತು. ಗ್ರೀಸ್ ಹಾಕುವ ಮುಂಚೆ ಒಣ ಬುಶ್‌ನಲ್ಲಿ ಒಣ ಪಿನ್ ಇಳಿಬಿಟ್ಟು ನೋಡಿ. ಪಿನ್ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಆದರೆ ಅಡ್ಡಡ್ಡ ಅಲ್ಲಾಡಿಸಿದರೆ ಟಿಕ್ ಎನ್ನಬಾರದು. ಹಳೆ ಪಿನ್ ಮೇಲೆ ಉಗುರಿಗೆ ಸಿಗುವಂಥ ಗೀರೋ ಗುಳಿಯೋ ಇದ್ದರೆ ಅದನ್ನು ಎಸೆಯಿರಿ.

ಬುಶ್ ಕೂರಿಸಿ, ಪಿನ್‌ಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಪಿನ್‌ಗಳನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ ಹಾಕಿ. ಟಾರ್ಕ್ ರೆಂಚ್ ಇಲ್ಲದೆ ಮುಗಿಸಬೇಡಿ. ಈ ಪಿನ್‌ಗಳಿಗೆ ಕಾರಿನ ತಲೆಮಾರು ನೋಡಿ 28 ಅಥವಾ 30 ನ್ಯೂಟನ್ ಮೀಟರ್ ಮಾತ್ರ. ಬ್ರಾಕೆಟ್ ಬೋಲ್ಟ್‌ಗಳಿಗೆ ಬೇಕಾದ ಬಲ ಇದರ ಹಲವು ಪಟ್ಟು, ಅದೇ ಕೈಯಲ್ಲಿ ಇವನ್ನೂ ಬಿಗಿದವರು ಬ್ರಾಕೆಟ್‌ನ ಮರೆ (ಥ್ರೆಡ್) ಕೀಳುತ್ತಾರೆ.

ಸ್ಪ್ರಿಂಗ್ ಹಾಕುವ ಮುಂಚೆ ನಿಂತು ಒಂದು ಪರೀಕ್ಷೆ ಮಾಡಿ. ಕ್ಯಾಲಿಪರ್ ದೇಹ ಹಿಡಿದು ಒಳಗೆ ಹೊರಗೆ ಜಾರಿಸಿ. ಒಂದು ಕೈಯಲ್ಲಿ, ಎಲ್ಲೂ ತಡೆಯಿಲ್ಲದೆ ಜಾರಬೇಕು. ಒಂದು ಪಿನ್ ಮಾತ್ರ ಹಾಕಿದಾಗ ಸರಾಗ, ಎರಡನೆಯದು ಬಿಗಿದ ಕೂಡಲೇ ಬಿಗಿ ಎಂದಾದರೆ ಪಿನ್‌ಗಳು ಒಂದಕ್ಕೊಂದು ಸಮಾನಾಂತರವಿಲ್ಲ, ಅಂದರೆ ಬ್ರಾಕೆಟ್ ಸೊಟ್ಟಗಾಗಿದೆ ಅಥವಾ ಮರೆ ಓರೆಯಾಗಿದೆ. ಇಷ್ಟು ದಿನ ರಬ್ಬರ್ ಮುಚ್ಚಿಟ್ಟಿದ್ದ ಈ ದೋಷವನ್ನು ಕಂಚು ಹೊರಗೆ ಹಾಕುತ್ತದೆ. ಹೊಸ ಬ್ರಾಕೆಟ್ ಬರುವವರೆಗೆ ರಬ್ಬರ್ ಬುಶ್‌ಗಳನ್ನೇ ವಾಪಸ್ ಹಾಕಿ. ಹಾಗೇ ಬಿಗಿದು ಹೊರಟರೆ ಒಳಪ್ಯಾಡ್ ಒಂದೇ ದಿನದಲ್ಲಿ ತೆಳುವಾಗುತ್ತದೆ, ಆ ಬಿಸಿಗೆ ಆಯಿಲೂ ಕುದಿಯುತ್ತದೆ.

ಪ್ಯಾಡ್ ಕಿವಿಗಳು ಬ್ರಾಕೆಟ್‌ನಲ್ಲಿ ಕೂರುವ ಅಂಚುಗಳನ್ನೂ ವೈರ್ ಬ್ರಷ್‌ನಿಂದ ಉಜ್ಜಿ. ಬೇರೆ ಕಂಪನಿಯ ಟ್ರ್ಯಾಕ್ ಪ್ಯಾಡ್‌ಗಳ ತಗಡಿಗೆ ದಪ್ಪ ಬಣ್ಣವಿದ್ದು ಅಲ್ಲಿ ಬಿಗಿಯಾಗುವುದುಂಟು. ಅರ ಹಾಕುವುದಿದ್ದರೆ ಪ್ಯಾಡ್ ಕಿವಿಯ ಬಣ್ಣಕ್ಕೆ ಹಾಕಿ, ಬ್ರಾಕೆಟ್ಟಿಗಲ್ಲ. ಬ್ರಾಕೆಟ್ ಉಳಿಯುವ ವಸ್ತು, ಪ್ಯಾಡ್ ಹೋಗುವ ವಸ್ತು. ಕೊನೆಗೆ, ಕಾರು ಅಲುಗಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿಯಿರಿ. ಮೊದಲ ತುಳಿತ ನೆಲಕ್ಕೇ ಹೋಗುತ್ತದೆ, ಅದನ್ನು ರಸ್ತೆಯಲ್ಲಿ ಕಂಡುಕೊಳ್ಳುವುದು ಬೇಡ.

ಹಾಕಿದ ಮೇಲೆ

ಪೆಡಲ್ ಆಟ ತುಸು ಕಡಿಮೆಯಾಗುತ್ತದೆ. ತುಸು ಎಂಬುದನ್ನು ನೆನಪಿಡಿ. ಅದಕ್ಕಿಂತ ಮುಖ್ಯವಾದ ಲಾಭ ಪ್ಯಾಡ್ ಆಯುಷ್ಯದ್ದು. ಒಂದು ತುದಿ ಮುಗಿಯಿತೆಂದು ಇನ್ನೊಂದು ತುದಿಯಲ್ಲಿ ಅರ್ಧ ಉಳಿದ ದುಬಾರಿ ಪ್ಯಾಡನ್ನು ಎಸೆಯುವುದು ತಪ್ಪುತ್ತದೆ. ಬ್ರೇಕ್ ದೂರ ಕಡಿಮೆಯಾಗುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ, ಅದು ಟೈರ್ ಕೆಲಸ.

ನಷ್ಟ ಏನು? ಸದ್ದು. ಹಾಳಾದ ರಸ್ತೆಯಲ್ಲಿ ಟಕಟಕ ಎನ್ನುತ್ತದೆ, ಬ್ರೇಕ್ ಮೇಲೆ ಕಾಲು ಲಘುವಾಗಿ ಇಟ್ಟರೆ ನಿಲ್ಲುತ್ತದೆ. ಹೀಗೆ ನಿಂತರೆ ಸದ್ದು ಕ್ಯಾಲಿಪರ್‌ದೇ, ಸಸ್ಪೆನ್ಷನ್‌ದಲ್ಲ. ಬಿಸಿಗೆ ಕಸುವು ಕಳೆದುಕೊಂಡ ಹಳೆ ತಂತಿ ಸ್ಪ್ರಿಂಗನ್ನೇ ಮತ್ತೆ ಹಾಕಿದ್ದರೆ ಸದ್ದು ಇಮ್ಮಡಿ. ಹೊಸದು ಹಾಕಿ, ಅದರ ಎರಡು ಕೊಕ್ಕೆಗಳು ಕ್ಯಾಲಿಪರ್ ತೂತಿನಲ್ಲಿ ಪೂರ್ತಿ ಇಳಿದು, ತೋಳುಗಳು ಬ್ರಾಕೆಟ್ ಕಿವಿಯ ಕೆಳಗೆ ಸಿಕ್ಕಿರಬೇಕು.

ಇನ್ನೊಂದು ನಷ್ಟ ಆರೈಕೆ. ಬೆಂಗಳೂರಿನವರಿಗೆ ಟ್ರ್ಯಾಕ್ ಎಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇಲ್ಲವೇ ಚೆನ್ನೈ ಪಕ್ಕದ ಇರುಂಗಟ್ಟುಕೋಟೆ. ಬಹಳಷ್ಟು ಕಾರುಗಳು ಟ್ರೈಲರ್ ಮೇಲಲ್ಲ, ತಮ್ಮ ಚಕ್ರದ ಮೇಲೇ 300 ಕಿ.ಮೀ.ಗೂ ಹೆಚ್ಚು ಓಡಿ ಹೋಗಿ, ಅದೇ ಬ್ರೇಕ್ ಮೇಲೆ ವಾಪಸ್ ಬಂದು, ಸೋಮವಾರ ಆಫೀಸಿಗೂ ಹೋಗುತ್ತವೆ. ಮಳೆನೀರು, ಕೆಮ್ಮಣ್ಣು, ಸಿಮೆಂಟ್ ಧೂಳು ಎಲ್ಲ ಪಿನ್ ಹತ್ತಿರ ಸೇರುತ್ತದೆ. ರಬ್ಬರ್ ಬುಶ್ ಎರಡು ವರ್ಷ ಮುಟ್ಟದಿದ್ದರೂ ಸುಮ್ಮನಿರುತ್ತದೆ. ಕಂಚಿನದಕ್ಕೆ ಪ್ರತಿ ಸಲ ಪ್ಯಾಡ್ ಬದಲಿಸುವಾಗ, ಮತ್ತು ಪ್ರತಿ ಮಳೆಗಾಲ ಮುಗಿದ ಮೇಲೆ, ಪಿನ್ ಹೊರಗೆಳೆದು ಒರೆಸಿ ಹೊಸ ಗ್ರೀಸ್ ಹಾಕಬೇಕು. ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರೋಡಿನಲ್ಲಿ ಬರೀ ಗ್ರೀಸ್ ಎಂದು ಕೇಳಿದರೆ ಕೈಗೆ ಬರುವುದು ಬೇರಿಂಗ್ ಗ್ರೀಸ್. ಬ್ರೇಕ್ ಕ್ಯಾಲಿಪರ್‌ಗೆ ಸಿಲಿಕೋನ್ ಗ್ರೀಸ್ ಎಂದು ಬಿಡಿಸಿ ಹೇಳಿ, ಟ್ಯೂಬ್ ಮೇಲೆ ಓದಿಯೂ ನೋಡಿ. ತಾಮ್ರದ ಬಣ್ಣದ ಪೇಸ್ಟ್ ಪಿನ್‌ಗಳಿಗಲ್ಲ.

ಕರಿ ಬರೀ 2.1 ಕಿ.ಮೀ.ನ ಟ್ರ್ಯಾಕ್. ಬ್ರೇಕ್‌ಗೆ ಉಸಿರಾಡಲು ಉದ್ದನೆಯ ದಾರಿ ಸಿಗುವುದಿಲ್ಲ, 3.7 ಕಿ.ಮೀ.ನ ಇರುಂಗಟ್ಟುಕೋಟೆಯಲ್ಲಿ ಸುಧಾರಿಸಿಕೊಳ್ಳುವ ಕಾರೂ ಇಲ್ಲಿ ಬೇಯುತ್ತದೆ. ಬಿಸಿ ಎಷ್ಟು ಎಂದು ಊಹಿಸುವ ಬದಲು ಡಿಸ್ಕ್ ಅಂಚಿಗೆ ಮೂರು ಬಣ್ಣದ ಥರ್ಮಲ್ ಪೇಂಟ್ ಬಳಿಯಿರಿ. ಹಸಿರು 430, ಕಿತ್ತಳೆ 560, ಕೆಂಪು 610 ಡಿಗ್ರಿಯಲ್ಲಿ ಬಣ್ಣ ಬದಲಿಸುತ್ತವೆ. ಕೆಂಪೂ ಬಿಳಚಿದ್ದರೆ ಬುಶ್ ದುಡ್ಡನ್ನು ಬ್ರೇಕ್ ತಣಿಸುವ ಗಾಳಿಯ ಪೈಪಿಗೆ ಹಾಕಿ. ಅಷ್ಟು ಬಿಸಿ ಕಂಡ ಕ್ಯಾಲಿಪರ್‌ನಲ್ಲಿ ಪಿಸ್ಟನ್‌ಗೆ ಧೂಳು ತಾಗದಂತೆ ತಡೆಯುವ ರಬ್ಬರ್ ಒಣಗಿ ಬಿರಿದಿರುತ್ತದೆ, ಬೆರಳಿಟ್ಟರೆ ಕರಿ ಪುಡಿಯಾಗಿ ಉದುರುತ್ತದೆ. ಅದಕ್ಕೆ ಬೇಕಾದ್ದು 54 ಮಿ.ಮೀ.ನ ಸೀಲ್ ಕಿಟ್. ಪ್ಯಾಡ್ ಅರ್ಧಕ್ಕಿಂತ ತೆಳುವಾದ ಮೇಲೂ ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ ಇದು ಬೇಗ ಬರುತ್ತದೆ, ಡಿಸ್ಕ್‌ಗೂ ಪಿಸ್ಟನ್‌ಗೂ ನಡುವೆ ಬಿಸಿ ತಡೆಯುತ್ತಿದ್ದದ್ದು ಆ ದಪ್ಪವೇ. ಸೆಷನ್ ಮುಗಿದು ಪಿಟ್‌ಗೆ ಬಂದು ಕೂಡಲೇ ಬ್ರೇಕ್ ಒತ್ತಿ ನಿಲ್ಲಿಸುವ ಅಭ್ಯಾಸವೂ ಹಾಗೇ. ಒಂದು ಲ್ಯಾಪ್ ಬ್ರೇಕ್ ಮುಟ್ಟದೆ ನಿಧಾನವಾಗಿ ಸುತ್ತಿ ಬಂದು, ಹ್ಯಾಂಡ್‌ಬ್ರೇಕ್ ಹಾಕದೆ ಗೇರ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಹಾಗಾದರೆ ಯಾರು ಕೊಳ್ಳಬೇಕು? ವರ್ಷಕ್ಕೆ ಆರೇಳು ಸಲ ಟ್ರ್ಯಾಕ್‌ಗೆ ಹೋಗಿ, ಪ್ಯಾಡ್‌ಗಳಲ್ಲಿ ಎದುರುಬದುರು ಓರೆ ಸವೆತ ಒಂದು ಮಿ.ಮೀ. ಮೀರಿ, ಹೊಸ ರಬ್ಬರ್ ಹಾಕಿಯೂ ಅದು ನಿಲ್ಲದವರು, ತಮ್ಮ ಕಾರಿನ ಪಿನ್ ತಾವೇ ಬಿಚ್ಚಿ ಹಾಕಬಲ್ಲವರು. ವರ್ಷಕ್ಕೆ ಎರಡು ಸಲ ಹೋಗುವವರು, ಬ್ರೇಕ್ ಕೆಲಸವನ್ನು ಪೂರ್ತಿ ಗ್ಯಾರೇಜ್‌ಗೆ ಬಿಡುವವರು ಕೊಳ್ಳುವುದು ಬೇಡ. ಗ್ರೀಸ್ ಒಣಗಿದ ಕಂಚಿಗಿಂತ ಹೊಸ ರಬ್ಬರ್ ಸಾವಿರ ಪಾಲು ವಾಸಿ.

ಕೊಂಡವರು ಜೊತೆಗೆ ಎರಡು ತಂತಿ ಸ್ಪ್ರಿಂಗ್, ನಾಲ್ಕು ಪಿನ್ ಮುಚ್ಚಳಗಳನ್ನೂ ತರಿಸಿಕೊಳ್ಳಿ. ಒಂದು ಮುಚ್ಚಳ ದಾರಿಯಲ್ಲಿ ಬಿದ್ದುಹೋದರೂ ಒಂದೇ ಮಳೆಗೆ ಆ ಪಿನ್ ಕೆಂಪಾಗುತ್ತದೆ. ತೆಗೆದ ರಬ್ಬರ್ ಬುಶ್‌ಗಳು ಬಿರುಕಿಲ್ಲದಿದ್ದರೆ ಒರೆಸಿ ಟೂಲ್‌ಬಾಕ್ಸ್‌ನಲ್ಲಿಡಿ. ಟ್ರ್ಯಾಕ್‌ನಲ್ಲಿ ಕಂಚು ಕಚ್ಚಿಕೊಂಡ ದಿನ 7 ಮಿ.ಮೀ. ಬಿಟ್ ಮತ್ತು ಈ ನಾಲ್ಕು ರಬ್ಬರ್ ತುಂಡು ಇದ್ದರೆ ಅರ್ಧ ಗಂಟೆಯಲ್ಲಿ ಮನೆಗೆ ಹೊರಡಬಹುದು.